ಎಡಗಾಲಿನ ಅಚ್ಚು

"ಇದರ ಮೇಲೆ ಬೂಟು ಮಾಡಿದ್ರೆ ಈ ಮರಕ್ಕೆ ಸರಿಹೋಗುತ್ತೆ, ನಿನಗಲ್ಲ," ಎಂದು ಮುದುಕ ಪಾದದ ಆಕಾರದ ಮರದ ಅಚ್ಚನ್ನು ಬೆಂಚಿನ ಮೇಲಿಟ್ಟ. "ಕಾಲುಚೀಲ ತೆಗಿ. ಕಾಲು ನೋಡ್ಬೇಕು."

ಅವಳು ಎಡಗಾಲನ್ನು ಕುರ್ಚಿಯ ಕೆಳಗೆ ಇನ್ನಷ್ಟು ಒಳಕ್ಕೆ ಎಳೆದುಕೊಂಡಳು. "ಅಳತೆ ಅಚ್ಚಲ್ಲೇ ಇದೆಯಲ್ಲ ಚಿಕ್ಕಪ್ಪ. ಅಪ್ಪ ಇಷ್ಟು ವರ್ಷ ಮಾಡಿಕೊಟ್ಟಿದ್ದು ಇದರ ಮೇಲೇ."

ಅಪ್ಪ ಹೋಗಿ ನಾಲ್ಕು ತಿಂಗಳಾಗಿತ್ತು. ಅವನು ಹೊಲಿದ ಕೊನೆಯ ಜೊತೆಯ ಅಟ್ಟೆ ಸವೆದು, ಕರಿಹಲಗೆಯ ಮುಂದೆ ಅರ್ಧ ಗಂಟೆ ನಿಂತರೆ ಅವಳಿಗೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಹುಟ್ಟಿದಾಗಿನಿಂದಲೇ ಅವಳ ಎಡಗಾಲು ಎರಡು ಬೆರಳಿನಷ್ಟು ಗಿಡ್ಡ. ಪಾದ ಒಳಕ್ಕೆ ತಿರುಚಿಕೊಂಡು, ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಅಪ್ಪನ ಬೂಟಿನೊಳಗೆ ಅದೆಲ್ಲ ಅಡಗಿಹೋಗುತ್ತಿತ್ತು. ಟೀಚರ್ ನಿಧಾನ ನಡೆಯುತ್ತಾರೆ ಎಂಬುದಷ್ಟೇ ಶಾಲೆಯ ಮಕ್ಕಳಿಗೆ ಗೊತ್ತು. ಮಲಗುವಾಗಲೂ ಅವಳು ಕಾಲುಚೀಲ ತೆಗೆಯುತ್ತಿರಲಿಲ್ಲ. ಸ್ನಾನ ಮಾಡುವಾಗ ಆ ಕಾಲನ್ನು ನೋಡದೆಯೇ ತೊಳೆಯುವುದು ರೂಢಿಯಾಗಿಬಿಟ್ಟಿತ್ತು.

ಅಪ್ಪನ ಪಕ್ಕದಲ್ಲೇ ಮೂವತ್ತು ವರ್ಷ ಕೂತು ಬೂಟು ಹೊಲಿದಿದ್ದ ಮುದುಕ ಅಚ್ಚನ್ನು ತಿರುಗಿಸಿ ತೋರಿಸಿದ. ಮರದ ಮೇಲೆ ಅಲ್ಲಲ್ಲಿ ಉಗುರಿನಷ್ಟು ತೆಳ್ಳನೆಯ ತೊಗಲಿನ ಚೂರುಗಳು, ಪದರದ ಮೇಲೆ ಪದರ.

"ನಿನ್ನ ಕಾಲು ಬದಲಾದ ಹಾಗೆಲ್ಲ ನಿಮ್ಮಪ್ಪ ಅಂಟಿಸಿದ್ದು. ಚಿಕ್ಕವಳಿದ್ದಾಗ ಅವನಿಗೆ ಏನೋ ಅಂದಿದ್ದೆಯಂತಲ್ಲ?"

ಅಂದಿದ್ದಳು. ಇದೇ ಅಂಗಡಿಯಲ್ಲಿ, ಹದಿನಾಲ್ಕನೇ ವಯಸ್ಸಿನಲ್ಲಿ. ಅಪ್ಪ ನೆಲದ ಮೇಲೆ ಕೂತು ಅವಳ ಪಾದವನ್ನು ಅಂಗೈಯಲ್ಲಿ ಹಿಡಿದು ಅಳೆಯುತ್ತಿದ್ದಾಗ ಕ್ಲಾಸಿನ ಹುಡುಗಿಯರಿಬ್ಬರು ಬಾಗಿಲಲ್ಲಿ ನಿಂತಿದ್ದರು. ಕಾಲು ಕಿತ್ತುಕೊಂಡು ಅವಳು ಕಿರುಚಿದ್ದಳು: "ಇನ್ಮೇಲೆ ನನ್ನ ಕಾಲು ಮುಟ್ಟಬೇಡ. ನೋಡಲೂಬೇಡ." ಅಪ್ಪ "ಆಯ್ತು" ಅಂದಿದ್ದ, ಅಷ್ಟೇ.

"ಮತ್ತೆ ಅಪ್ಪಂಗೆ ಹೇಗೆ ಗೊತ್ತಾಗ್ತಿತ್ತು?"

"ನಿನ್ನ ಹಳೇ ಬೂಟು ತರ್ತಿದ್ದನಲ್ಲ."

"ಎಸೆಯೋಕೆ ಅಂದ್ಕೊಂಡಿದ್ದೆ."

"ಎಸೆಯೋದಾ! ಒಳಗೆ ಕೈ ಹಾಕ್ಕೊಂಡು, ಕಣ್ಣು ಮುಚ್ಕೊಂಡು ಕೂತುಬಿಡ್ತಿದ್ದ. ಎಲ್ಲಿ ತಗ್ಗು ಬಿದ್ದಿದೆ, ಎಲ್ಲಿ ಉಜ್ಜಿದೆ ಅಂತ ಬೆರಳಲ್ಲೇ ಹುಡುಕೋದು. 'ಏನೋ, ಬೂಟಿನ ನಾಡಿ ಹಿಡೀತಿದ್ದೀಯಾ?' ಅಂತ ನಾನು ಕಾಲೆಳೀತಿದ್ದೆ. 'ಸುಮ್ನಿರೋ, ಎಲ್ಲಿ ನೋಯುತ್ತೆ ಅಂತ ಅವಳು ಹೇಳಲ್ಲ' ಅನ್ನೋನು."

ಇಪ್ಪತ್ತೆರಡು ವರ್ಷ. ಪ್ರತಿ ಹೊಸ ಜೊತೆಗೂ ಅಪ್ಪ "ಹೇಗಿದೆ?" ಅನ್ನುತ್ತಿದ್ದ, ಅವಳು "ಸರಿಯಾಗಿದೆ" ಅನ್ನುತ್ತಿದ್ದಳು. ಕಿರುಬೆರಳಿನ ಹತ್ತಿರ ಯಾವಾಗಲೂ ಕಚ್ಚುತ್ತಿತ್ತು. ಈಗ ಅಚ್ಚಿನ ಆ ಜಾಗವನ್ನು ಮುಟ್ಟಿ ನೋಡಿದಳು. ಅಲ್ಲಿ ಮೂರು ಚೂರುಗಳಿದ್ದವು. ಒಂದನ್ನು ಕೆರೆದು ತೆಗೆದು, ಕೂದಲೆಳೆಯಷ್ಟು ಆಚೆಗೆ ಮತ್ತೆ ಅಂಟಿಸಿದ ಗುರುತಿತ್ತು. ಇನ್ನೊಂದು ಸ್ವಲ್ಪ ಆಚೆ ಹೋಗಿದ್ದರೆ ನೋಯುವ ಜಾಗ ಸಿಗುತ್ತಿತ್ತು.

ಅವಳು ಬಗ್ಗಿ ಕಾಲುಚೀಲ ಬಿಚ್ಚತೊಡಗಿದಳು.

ಮುದುಕ ಅತ್ತ ತಿರುಗಿದ. "ಹಾಳಾದ್ದು ಕನ್ನಡಕ ಎಲ್ಲಿಟ್ಟೆ," ಎಂದು ಗೊಣಗುತ್ತ ಡಬ್ಬಿಗಳನ್ನೆಲ್ಲ ಸರಿಸಿ ಹುಡುಕಿದ. ಕನ್ನಡಕ ಅವನ ಹಣೆಯ ಮೇಲೇ ಇತ್ತು. ಆಮೇಲೆ ಬಿಳಿ ಕಾಗದವೊಂದನ್ನು ನೆಲಕ್ಕೆ ಹಾಸಿ, ಮಂಡಿ ಹಿಡಿದುಕೊಂಡು ನಿಂತ. "ನಾನು ಕೂತ್ರೆ ಎಬ್ಬಿಸೋಕೆ ನಾಲ್ಕು ಜನ ಬೇಕು ಟೀಚರಮ್ಮಾ."

"ಪೆನ್ಸಿಲ್ ಇಲ್ಲಿ ಕೊಡಿ."

ಪಾದ ಬೆಳ್ಳಗಿತ್ತು, ಬಿಸಿಲು ಕಾಣದ ಬಿಳುಪು. ಕಾಗದದ ಮೇಲೆ ಅದನ್ನು ಊರಿ, ಹಿಮ್ಮಡಿಯಿಂದ ಶುರುಮಾಡಿ ಸುತ್ತಲೂ ಗೆರೆ ಎಳೆದಳು. ಪಾದ ತಿರುಚಿದಲ್ಲಿ ಪೆನ್ಸಿಲೂ ತಿರುಗಿತು. ಕಿರುಬೆರಳಿನ ಹತ್ತಿರ ಕೈ ನಿಂತಿತು.

"ಇಲ್ಲಿ," ಎಂದಳು. "ಇಲ್ಲಿ ನೋಯುತ್ತೆ, ಚಿಕ್ಕಪ್ಪ."

ಮುದುಕ ಹಣೆಯ ಮೇಲಿನ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡ. ಅವಳು ಕಾಲೆತ್ತಿದಳು. ಗೆರೆಯೊಳಗೆ ಪಾದದ ಬೆವರಿನ ಪಸೆ ಹಾಗೇ ಮೂಡಿತ್ತು, ಒಂದರ ಮೇಲೊಂದು ಕೂತ ಬೆರಳುಗಳ ಸಮೇತ. ಅಂಚಿನಿಂದ ಅದು ಆರುತ್ತ ಬಂತು. ಪೂರ್ತಿ ಆರುವವರೆಗೂ ಇಬ್ಬರೂ ನೋಡುತ್ತಿದ್ದರು.