ಮುಚ್ಚಳದ ಮೇಲಿನ ಕೆಂಡ

ನಮ್ಮ ಮನೆಯಲ್ಲಿ ಬೆಂಕಿ ಯಾವಾಗಲೂ ಪಾತ್ರೆಯ ಕೆಳಗಿರುತ್ತಿತ್ತು. ಮುಚ್ಚಳದ ಮೇಲೆ ಕೆಂಡ ಇಡುವುದನ್ನು ನಾನು ಮೊದಲು ಕಂಡದ್ದು ನೀಲಾಂಬಿಕೆ ಅತ್ತಿಗೆ ಮನೆ ತುಂಬಿದ ವಾರದಲ್ಲಿ. ಇಕ್ಕಳದಿಂದ ಒಂದೊಂದೇ ಕೆಂಡವನ್ನೆತ್ತಿ, ಮುಚ್ಚಳದ ಅಂಚಿನ ಸುತ್ತ ಒತ್ತಾಗಿ ಜೋಡಿಸಿ, ಮೊರದ ತುದಿಯಿಂದ ಮೆಲ್ಲಗೆ ಗಾಳಿ ಹಾಕುತ್ತಿದ್ದಳು. ಕೆಂಡ ಬೂದಿ ಹೊದ್ದುಕೊಳ್ಳುತ್ತಿತ್ತು, ಗಾಳಿ ಸೋಕಿದರೆ ಮತ್ತೆ ಕೆಂಪಾಗುತ್ತಿತ್ತು. ಒಳಗೇನು ನಡೆಯುತ್ತಿದೆ ಎಂಬುದು ಹೊರಗೆ ಕೂತವರಿಗೆ ತಿಳಿಯುತ್ತಿರಲಿಲ್ಲ. ಕುದಿಯುವ ಸದ್ದೂ ಇಲ್ಲ, ಉಕ್ಕುವ ಭಯವೂ ಇಲ್ಲ. ನಾನು ಬಾಗಿಲಿಗೆ ಒರಗಿ ಅದನ್ನೇ ನೋಡುತ್ತ ನಿಲ್ಲುತ್ತಿದ್ದೆ.

ಪಾತ್ರೆ ಬೀಡು ಕಬ್ಬಿಣದ್ದು. ಮೂರು ಗಿಡ್ಡ ಕಾಲು, ಬಿಗಿಯಾಗಿ ಕೂರುವ ಚಪ್ಪಟೆ ಮುಚ್ಚಳ, ಎತ್ತಲು ಎರಡು ಕೈಯೂ ಬೇಕಾಗುವಷ್ಟು ಭಾರ. ಅವಳ ತಾತ ಯಾವುದೋ ಬಂಗಲೆಯಲ್ಲಿ ಅಡುಗೆಗಿದ್ದರಂತೆ. ಬಂಗಲೆಯವರು ಊರು ಬಿಡುವಾಗ ಅವರ ಕೈಗೆ ಕೊಟ್ಟು ಹೋದದ್ದಂತೆ. ಬಂಗಲೆಯವರು ಅದನ್ನು ಡಚ್ ಓವನ್ ಎನ್ನುತ್ತಿದ್ದರು. ಅತ್ತಿಗೆಯ ಅಜ್ಜಿಯ ಬಾಯಲ್ಲಿ ಅದು ದಚ್ಚವ್ವ ಆಯಿತು. ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ ಬಂದು, ಕೊನೆಗೆ ಮದುವೆಯ ಗಾಡಿಯಲ್ಲಿ ನಮ್ಮ ಮನೆಗೆ ಬಂದಿತು.

ನಮ್ಮದು ಹಿತ್ತಾಳೆ ಪಾತ್ರೆಯ ಅಂಗಡಿ. ಕಬ್ಬಿಣ ಎಂದೂ ಅಪ್ಪನ ಅಂಗಡಿಯ ಹೊಸ್ತಿಲು ದಾಟಿದ್ದಿಲ್ಲ. ಗಾಡಿಯಿಂದ ದಚ್ಚವ್ವ ಇಳಿದಾಗ ಎದುರು ಮನೆಯ ಪುಟ್ಟತಾಯಮ್ಮ ಬೀದಿಗೆಲ್ಲ ಕೇಳುವಂತೆ, "ಹಿತ್ತಾಳೆ ಅಂಗಡಿಯೋರ ಮನೆಗೆ ಕಬ್ಬಿಣದ ಗುಂಡು ಹೊತ್ಕೊಂಡು ಬಂದವ್ಳಲ್ಲಪ್ಪ ಸೊಸೆ! ಇನ್ನೇನ್ ಕಾದಿದೆಯೋ!" ಅಂದರು. ನನಗೆ ಒಳಗೊಳಗೇ ಸಂತೋಷವಾಯಿತು. ಅಪ್ಪನ ಮುಖ ಬಿಗಿದುಕೊಂಡಿರುತ್ತದೆ ಎಂದು ತಿರುಗಿ ನೋಡಿದೆ. ಅವರು ನಗುತ್ತಿದ್ದರು.

ಅಪ್ಪ ನಗುವುದನ್ನು ನಾನು ಕಂಡು ಬಹಳ ಕಾಲವಾಗಿತ್ತು. ಅಮ್ಮ ತೀರಿಕೊಂಡಾಗ ನನ್ನ ಪದವಿಯ ಓದು ಆಗಷ್ಟೇ ಮುಗಿದಿತ್ತು. ಆಮೇಲೆ ನಾನು ಎಲ್ಲಿಗೂ ಹೋಗಲಿಲ್ಲ. ಅಮ್ಮನ ಹಿತ್ತಾಳೆ ತಪ್ಪಲೆಯಲ್ಲಿ ಅಮ್ಮ ಮಾಡುತ್ತಿದ್ದದ್ದನ್ನೇ ಮಾಡಿ ಬಡಿಸುತ್ತಿದ್ದೆ. ಅಪ್ಪ ಮಾತಿಲ್ಲದೆ ಉಣ್ಣುತ್ತಿದ್ದರು, ನಾನು ಮಾತಿಲ್ಲದೆ ಎದುರು ಕೂರುತ್ತಿದ್ದೆ. ಅಣ್ಣ ಅಂಗಡಿಯಿಂದ ತಡವಾಗಿ ಬಂದು ಉಂಡು ಮಲಗುತ್ತಿದ್ದ. ಅಪ್ಪ ತಟ್ಟೆಯ ಅಂಚಿಗೆ ಬೆರಳು ತಾಗಿಸಿದರೆ ಅನ್ನ ಸಾಕು. ಲೋಟವನ್ನು ಸ್ವಲ್ಪ ಸರಿಸಿದರೆ ಮಜ್ಜಿಗೆ ಬೇಕು. ಮಾತಿನ ಹಂಗಿಲ್ಲದೆ ಇಬ್ಬರಿಗೂ ಎಲ್ಲ ತಿಳಿಯುತ್ತಿತ್ತು. ಆ ಮೌನ ನಮ್ಮಿಬ್ಬರದು, ಅದರೊಳಗೆ ಬೇರೆ ಯಾರಿಗೂ ಜಾಗವಿಲ್ಲ ಎಂದು ನಾನು ನಂಬಿದ್ದೆ. ನೆಂಟರು, "ಇಷ್ಟು ಓದಿ ಮನೇಲೇ ಕೂತಿದ್ದೀಯಲ್ಲೇ" ಎಂದಾಗ ಉತ್ತರ ಕೊಡಬೇಕು ಎಂದೂ ಅನ್ನಿಸುತ್ತಿರಲಿಲ್ಲ.

ಅತ್ತಿಗೆ ದಚ್ಚವ್ವನಲ್ಲಿ ಮೊದಲು ಮಾಡಿದ್ದು ಗೆಣಸು. ಮೇಲೆ ಕೆಂಡ, ಕೆಳಗೆ ಕೆಂಡ. ಅಪ್ಪ ಒಂದು ತುಂಡು ಬಾಯಿಗಿಟ್ಟುಕೊಂಡರು. ಅಗಿಯುವುದನ್ನು ನಿಲ್ಲಿಸಿದರು.

"ಏನಮ್ಮಾ ಹಾಕಿದ್ದೀಯ ಇದಕ್ಕೆ? ಬೆಲ್ಲಾನಾ?"

"ಏನೂ ಹಾಕಿಲ್ಲ ಮಾವ. ನೀರೂ ಹಾಕಿಲ್ಲ."

"ನೀರೇ ಹಾಕ್ದೆ ಬೆಂತಾ?"

"ಅದ್ರದ್ದೇ ನೀರು ಅದಕ್ಕೆ ಸಾಕು ಮಾವ. ಹಬೆ ಮೇಲಕ್ಕೆ ಹೋಗುತ್ತೆ, ಮುಚ್ಚಳಕ್ಕೆ ತಾಗಿ ಹನಿಯಾಗಿ ಮತ್ತೆ ಅಲ್ಲೇ ಬೀಳುತ್ತೆ. ಹೊರಗೆ ಹೋಗೋಕೆ ದಚ್ಚವ್ವ ಬಿಡಲ್ಲ."

"ಗಟ್ಟಿಗಿತ್ತಿ ಬಿಡು ನಿಮ್ಮ ದಚ್ಚವ್ವ," ಎಂದರು ಅಪ್ಪ. ಆಮೇಲೆ, ಯಾರೂ ಕೇಳದೆಯೇ, ತಾವು ಚಿಕ್ಕವರಿದ್ದಾಗ ಕುಂಬಾರನ ಆವಿಗೆಯ ಬೂದಿಯಲ್ಲಿ ಗೆಣಸು ಹೂತಿಟ್ಟು ಸುಟ್ಟು ತಿಂದದ್ದು, ಕುಂಬಾರ ಅಟ್ಟಿಸಿಕೊಂಡು ಬಂದದ್ದು, ಪಂಚೆ ಬೇಲಿಗೆ ಸಿಕ್ಕಿಕೊಂಡದ್ದು, ಎಲ್ಲ ಹೇಳಿದರು. ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಣ್ಣನೂ ನಕ್ಕ. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಆ ಕಥೆಯನ್ನು ನಾನು ಕೇಳಿರಲಿಲ್ಲ. ಅಷ್ಟು ವರ್ಷ ಎದುರಿಗೆ ಕೂತವಳಿಗೆ ಹೇಳದ್ದನ್ನು ನಿನ್ನೆ ಮೊನ್ನೆ ಬಂದವಳಿಗೆ ಒಂದು ಗೆಣಸಿನ ನೆವದಲ್ಲಿ ಹೇಳಿಬಿಟ್ಟಿದ್ದರು.

ಆಮೇಲೆ ದಚ್ಚವ್ವ ಒಲೆಯಿಂದ ಇಳಿಯಲೇ ಇಲ್ಲ. ಅದರಲ್ಲಿ ಎಣ್ಣೆಗಾಯಿ ಬಾಡಿ ಬೆಣ್ಣೆಯಾಗುತ್ತಿತ್ತು. ಮೆಂತ್ಯದ ಅನ್ನ ತಳ ಹಿಡಿಯದೆ ಬಿಡಿಬಿಡಿಯಾಗಿ ಬೇಯುತ್ತಿತ್ತು. ಸಂಜೆ ಜೋಳ ಹಾಕಿ ಮುಚ್ಚಿದರೆ ಒಳಗೆ ಅರಳು ಪಟಪಟ ಸಿಡಿಯುತ್ತಿತ್ತು. ಅದೇ ಪಾತ್ರೆಯಲ್ಲಿ ಮಾರನೆಯ ದಿನ ಹಾಲು ಇಂಗಿ ಇಂಗಿ ಖೋವಾ ಆಗುತ್ತಿತ್ತು. ಒಂದು ದಿನ ಹಿಟ್ಟು ಹುದುಗಿಸಿ, ಉಂಡೆ ಮಾಡಿ ಇಟ್ಟು, ಮುಚ್ಚಳದ ಮೇಲೆ ಕೆಂಡ ಹರಡಿದಳು. ತೆಗೆದಾಗ ಬೇಕರಿಯವನೂ ನಾಚುವಂಥ ಬ್ರೆಡ್. ಕರಿದದ್ದು, ಹುರಿದದ್ದು, ಬೇಯಿಸಿದ್ದು, ಸುಟ್ಟದ್ದು, ಎಲ್ಲಕ್ಕೂ ಅದೊಂದೇ. ಅಮ್ಮನ ತಪ್ಪಲೆ ಕಪಾಟಿನ ಮೇಲಕ್ಕೆ ಹೋಯಿತು. ಅದನ್ನು ಎತ್ತಿಡು ಎಂದು ಯಾರೂ ಹೇಳಲಿಲ್ಲ. ಬಳಸುವವರಿಲ್ಲದೆ, ಜಾಗ ಸಾಲದೆ, ನಾನೇ ಎತ್ತಿಟ್ಟೆ.

ಅಪ್ಪ ಈಗ ಊಟಕ್ಕೆ ಮೊದಲೇ ಬಂದು, "ಏನಂತಾಳೆ ಇವತ್ತು ದಚ್ಚವ್ವ?" ಎಂದು ಕೇಳುತ್ತಿದ್ದರು. ಅವರು ಮಾತಾಡಿದಷ್ಟೂ ನಮ್ಮ ಹಳೆಯ ಮೌನದ ಮೇಲೆ ನನಗೆ ಸಂಶಯ ಹುಟ್ಟುತ್ತಿತ್ತು. ಅದರಲ್ಲಿ ಅಷ್ಟೆಲ್ಲ ತುಂಬಿದೆ ಎಂದು ನಾನು ಅಂದುಕೊಂಡಿದ್ದೆನಲ್ಲ, ಅಪ್ಪನಿಗೆ ಬಹುಶಃ ಅದು ಬರೀ ಮೌನವಾಗಿತ್ತೇನೋ.

ಅತ್ತಿಗೆ ನನ್ನನ್ನು ದೂರ ಇಡಲಿಲ್ಲ. ಅದೂ ನನಗೆ ಸಹಿಸಲಾಗದ ಸಂಗತಿಯೇ ಆಗಿತ್ತು. ಒಂದು ಮಧ್ಯಾಹ್ನ ಪಾತ್ರೆ ತೊಳೆಯುತ್ತ ಹೇಳಿದಳು: "ನೋಡು, ನಾನಿಲ್ಲದಾಗ ನೀನೇ ಇದನ್ನ ನೋಡ್ಕೋಬೇಕು. ಬಿಸಿನೀರು, ಬಟ್ಟೆ, ಆಮೇಲೆ ಒಂದು ತೊಟ್ಟು ಎಣ್ಣೆ. ಅಷ್ಟೇ. ಈ ಕಪ್ಪಿದೆಯಲ್ಲ, ಇದು ನಮ್ಮಜ್ಜಿ ಕಾಲದಿಂದ ಕೂತಿರೋ ಎಣ್ಣೆ. ಇದ್ರಿಂದಲೇ ಅಡುಗೆ ಅಂಟಲ್ಲ, ರುಚಿ ಬರೋದು. ಹುಣಸೆಹಣ್ಣು ಹಾಕಿ ತಿಕ್ಕಿದ್ರೆ ಮುಗೀತು, ಎಲ್ಲಾ ಕಿತ್ಕೊಂಡು ಹೋಗುತ್ತೆ."

"ಅಣ್ಣನಿಗೆ ಗೊತ್ತಾ ಇದು?"

"ಅವ್ರಿಗೇನು ಗೊತ್ತಿರುತ್ತೆ? ತಿನ್ನೋದು ಗೊತ್ತು. ನಿಂಗೊಬ್ಬಳಿಗೇ ಹೇಳ್ತಿರೋದು."

ಅವತ್ತು ಸಂಜೆ ಸಾರಿಗೆಂದು ಹುಣಸೆಹಣ್ಣು ನೆನೆಹಾಕುವಾಗ ನನ್ನ ಕೈ ಸ್ವಲ್ಪ ಹೊತ್ತು ನೀರಿನಲ್ಲೇ ನಿಂತಿತ್ತು. ಹಾಗೆ ಮಾಡುವವಳಲ್ಲ ನಾನು. ಆದರೆ ಮಾಡಬಹುದು ಎಂಬುದು ಆ ದಿನದಿಂದ ನನ್ನೊಳಗೆ ಕೂತಿತ್ತು.

ಆಯುಧಪೂಜೆ ಬಂತು. ನಮ್ಮ ವ್ಯಾಪಾರದವರಲ್ಲಿ ಹಿಂದಿನ ದಿನ ಪಾತ್ರೆ ಬೆಳಗುವ ಪದ್ಧತಿಯಿದೆ. ಆಳುಗಳ ಕೈಗೆ ಬಿಡದೆ ಯಜಮಾನನೇ ಕಚ್ಚೆ ಕಟ್ಟಿ ಕೂತು, ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಉಜ್ಜಬೇಕು. ಕಪ್ಪು ಪಾತ್ರೆ ಇರುವ ಮನೆಗೆ ಲಕ್ಷ್ಮಿ ಬರುವುದಿಲ್ಲ ಎನ್ನುತ್ತಾರೆ. ಅಮ್ಮ ಇದ್ದಾಗ ಅಪ್ಪ ಮೊದಲು ಮನೆಯ ಪಾತ್ರೆ ಬೆಳಗಿ ಆಮೇಲೆ ಅಂಗಡಿಗೆ ಹೋಗುತ್ತಿದ್ದರು. "ಹೊಳಪು ಅಂದ್ರೆ ನಿಮ್ಮ ಅಪ್ಪನ ಕೈಯದು" ಎಂದು ಅಮ್ಮ ತಪ್ಪಲೆಯಲ್ಲಿ ಮುಖ ನೋಡಿಕೊಂಡು ಹೇಳುತ್ತಿದ್ದಳು. ಅವಳು ಹೋದ ಮೇಲೆ ಅಪ್ಪ ಮನೆಯ ಪಾತ್ರೆ ಮುಟ್ಟಲಿಲ್ಲ. ಅಂಗಡಿಯದಷ್ಟೇ. ಮನೆಯದನ್ನು ನಾನು ಬೆಳಗುತ್ತಿದ್ದೆ.

ಆ ಮಧ್ಯಾಹ್ನ ಹೂವು, ಬೂದುಗುಂಬಳ ತರಲು ಅತ್ತಿಗೆ ಮೊದಲೇ ಪೇಟೆಗೆ ಹೋದಳು; ಮನೆಯ ಕೆಲಸ ಮುಗಿಸಿ ನಾನು ಬಹಳ ಹೊತ್ತಿನ ಮೇಲೆ ಅಲ್ಲಿ ಅವಳನ್ನು ಸೇರಿಕೊಂಡೆ. ಬರುವಾಗ ಇಳಿಹೊತ್ತು. ಅಂಗಡಿಯಲ್ಲಿರಬೇಕಾದ ಅಪ್ಪ ಪಡಸಾಲೆಯಲ್ಲಿ, ಅಡುಗೆಮನೆಯ ಬಾಗಿಲು ಕಾಣುವಂತೆ ಕುರ್ಚಿ ತಿರುಗಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಯಾರಾದರೂ ಬರುವವರಿದ್ದಾರೇನೋ ಅಂದುಕೊಂಡೆ.

ಅಡುಗೆಮನೆಯಲ್ಲಿ ಕಿಟಕಿಯ ಕೆಳಗೆ ದಚ್ಚವ್ವ ಬೋರಲಾಗಿ ಕೂತಿತ್ತು. ಗುರುತೇ ಸಿಗದಂತೆ ಬೂದುಬಣ್ಣಕ್ಕೆ ತಿರುಗಿತ್ತು. ಬೆಳಕಿಗೆ ಅಲ್ಲಲ್ಲಿ ಹೊಳೆಯುತ್ತಿತ್ತು. ಅಂಚಿನಲ್ಲಿ ಆಗಲೇ ತುಕ್ಕಿನ ಕಿತ್ತಳೆ ಚುಕ್ಕೆಗಳು ಮೂಡುತ್ತಿದ್ದವು.

ಅತ್ತಿಗೆಯ ಕೈಯಿಂದ ಹೂವಿನ ಪೊಟ್ಟಣ ಜಾರಿತು. ನೆಲಕ್ಕೆ ಕೂತು, ಪಾತ್ರೆಯನ್ನು ಹೊರಳಿಸಿ ಒಳಗೆ ಕೈ ಹಾಕಿ ಸವರಿ ನೋಡಿದಳು. ಒರಟು ಒರಟು. "ಅಜ್ಜಿ," ಅಂದಳು, ಅಷ್ಟೇ. ನಾನು ಬಯಸಿದ್ದು ನನ್ನನ್ನು ಕೇಳದೆಯೇ ನಡೆದುಹೋಗಿದೆಯೇನೋ ಎಂಬಂತಾಯಿತು.

ಹಿಂದೆಯೇ ಅಣ್ಣ ಬಂದ. ನೋಡಿದ. ಅವಳ ಮುಖ ನೋಡಿದ, ಆಮೇಲೆ ನನ್ನ ಮುಖ. "ಉಜ್ಜಬಾರ್ದು ಅಂತ ನಿಂಗೆ ಹೇಳಿದ್ದಳು ತಾನೆ ಇವಳು?"

"ಹೂಂ."

"ಮತ್ತೆ? ನಿನ್ನ ಹೊಟ್ಟೆಕಿಚ್ಚು ಯಾರಿಗೂ ಕಾಣಲ್ಲ ಅಂದ್ಕೊಂಡಿದ್ದೀಯಾ? ಅವಳು ಬಡಿಸ್ತಿದ್ರೆ ನೀನು ಮುಖ ಎಲ್ಲಿಟ್ಕೊಂಡಿರ್ತೀಯ ಅಂತ ನಂಗೆ ಗೊತ್ತಿಲ್ವಾ?"

ಇಲ್ಲ ಎನ್ನಲು ಬಾಯಿ ತೆರೆದಾಗ ಬಾಗಿಲಲ್ಲಿ ಅಪ್ಪ ಕಂಡರು. ಹೊಗಳಿಕೆಗೆಂದು ಎದ್ದು ಬಂದವರು ಅಲ್ಲೇ ನಿಂತುಬಿಟ್ಟಿದ್ದರು. ಅತ್ತಿಗೆಯ ಕಣ್ಣೀರು, ಅಣ್ಣನ ಮಾತು, ಎರಡೂ ಅವರಿಗೆ ಆ ಕ್ಷಣಕ್ಕೇ ಅರ್ಥವಾದವು. ಕೈಗಳು ಮೆಲ್ಲಗೆ ಹೆಗಲ ಮೇಲಿನ ವಸ್ತ್ರದೊಳಗೆ ಸರಿದವು. ಸರಿಯುವ ಮೊದಲು ನಾನು ಕಂಡೆ. ಹಿತ್ತಾಳೆ ಉಜ್ಜಿದ ಕೈ ತೊಳೆದರೆ ಶುದ್ಧ. ಕಬ್ಬಿಣಕ್ಕೆ ಹುಣಸೆ ತಾಗಿದರೆ ಹಾಗಲ್ಲ; ಉಗುರಿನ ಸಂದಿಯಲ್ಲಿ ಶಾಯಿಯಂಥ ಕಪ್ಪು ಕೂತುಬಿಡುತ್ತದೆ. ಅಪ್ಪನ ಹತ್ತೂ ಬೆರಳು ಕಪ್ಪಾಗಿದ್ದವು.

ಅಮ್ಮನ ತಪ್ಪಲೆ ಕಪಾಟಿನ ಮೇಲೆ ಧೂಳು ಹಿಡಿದು ಕೂತಿತ್ತು. ಅಪ್ಪ ಅದನ್ನು ಇಳಿಸಿರಲಿಲ್ಲ. ಅಷ್ಟು ವರ್ಷಗಳ ಮೇಲೆ ಮನೆಯ ಪಾತ್ರೆ ಬೆಳಗಲು ಕೂತವರು ಸೊಸೆಯ ಪಾತ್ರೆ ಬೆಳಗಿದ್ದರು. ಅದು ನನ್ನನ್ನು ಎಲ್ಲಿ ಚುಚ್ಚಿತು ಎಂದು ಹೇಳಲಾರೆ.

"ಹೌದು. ನಾನೇ ಉಜ್ಜಿದ್ದು," ಅಂದೆ. ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

ಯಾರಾದರೂ ಇದನ್ನು ತ್ಯಾಗವೆಂದು ತಿಳಿದರೆ ತಪ್ಪಾಗುತ್ತದೆ. ಅಪ್ಪನನ್ನು ಉಳಿಸಬೇಕೆಂದು ನಾನು ಹಾಗೆ ಹೇಳಲಿಲ್ಲ. ಅವಳಿಗೆ ಗೊತ್ತಿಲ್ಲದ ಒಂದು ಸಂಗತಿ ಅಪ್ಪನಿಗೂ ನನಗೂ ನಡುವೆ ಇರಲಿ ಎಂದು ಹೇಳಿದೆ. ಮತ್ತೆ ಒಂದು ಮೌನ, ನಮ್ಮಿಬ್ಬರದು ಮಾತ್ರ. ಅಣ್ಣ ಬೈಯುತ್ತಲೇ ಇದ್ದ, "ಓದಿದವಳು ಬೇರೆ" ಎಂದ. ನಾನು ಕೇಳಿಸಿಕೊಳ್ಳುತ್ತಿದ್ದದ್ದು ಅಪ್ಪನ ಸುಮ್ಮನಿರುವಿಕೆಯನ್ನು. ಹಬ್ಬದ ದಿನ ಊಟಕ್ಕೆ ಕೂತಾಗ ಲೋಟವನ್ನು ಸ್ವಲ್ಪ ಸರಿಸಿದರು. ಮಜ್ಜಿಗೆ ಬಡಿಸಿದೆ. ಅವರು ತಲೆಯೆತ್ತಿ ನನ್ನನ್ನೇ ನೋಡಿದರು. ಗೆದ್ದೆ ಅನ್ನಿಸಿತು.

ಹಬ್ಬ ಮುಗಿದ ಮಾರನೆಯ ಬೆಳಿಗ್ಗೆ ಅತ್ತಿಗೆ ಹಿತ್ತಲಿನಲ್ಲಿ ಒಲೆ ಹೂಡಿ ನನ್ನನ್ನು ಕರೆದಳು. "ಬಾ. ಉಜ್ಜಿದವರೇ ಕಪ್ಪು ಮಾಡ್ಬೇಕು."

ತುಕ್ಕು ಒರೆಸಿ, ಪಾತ್ರೆ ಕಾಯಿಸಿ, ಹುಚ್ಚೆಳ್ಳೆಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ನನ್ನ ಕೈಗೆ ಕೊಟ್ಟಳು. ಸವರುವುದು, ಹೊಗೆಯಾಡುವ ತನಕ ಕಾಯಿಸುವುದು, ಆರಿಸಿ ಮತ್ತೆ ಸವರುವುದು. ಅವಳು ಒಳಗೆ, ನಾನು ಮುಚ್ಚಳಕ್ಕೆ. ಬೂದುಬಣ್ಣ ಮೊದಲು ಕಂದಾಯಿತು, ಬಿಸಿಲು ನೆತ್ತಿಗೇರುವ ಹೊತ್ತಿಗೆ ಕಪ್ಪು ಕಂಡೂ ಕಾಣದ ಹಾಗೆ ಕೂರತೊಡಗಿತು. ಅವಳು ಒಂದು ಮಾತನ್ನೂ ಆಡಲಿಲ್ಲ. ಅವಳಿಗೂ ಸುಮ್ಮನಿರಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಗೋಡೆಯಾಚೆಯಿಂದ ಪುಟ್ಟತಾಯಮ್ಮ ಇಣುಕಿ, "ಏನ್ರಮ್ಮಾ, ಊರೆಲ್ಲ ಪಾತ್ರೆ ಬೆಳಗಿದ್ರೆ ನೀವು ಮಸಿ ಬಳೀತಿದ್ದೀರಿ!" ಎಂದರೂ ನಕ್ಕಳು, ಅಷ್ಟೇ.

ಕೊನೆಗೆ ಬಟ್ಟೆ ಕೆಳಗಿಟ್ಟು ನನ್ನ ಬಲಗೈ ಹಿಡಿದುಕೊಂಡಳು. ಬೆರಳು ಬಿಡಿಸಿ ನೋಡಿದಳು. ಎಣ್ಣೆಯ ಮಸಿ ಉಗುರಿನ ಸಂದಿಗೆಲ್ಲ ಇಳಿದಿತ್ತು.

"ಈಗ ಸರಿಹೋಯ್ತು," ಅಂದಳು. "ಈಗ ಯಾರು ನೋಡಿದ್ರೂ ನೀನೇ ಉಜ್ಜಿದ್ದು ಅಂತಾರೆ. ಮೊನ್ನೆ ಬರೀ ಬೆಳ್ಳಗಿತ್ತು."

ನಾನು ಕೈ ಹಿಂದಕ್ಕೆಳೆದುಕೊಂಡೆ. "ಯಾವಾಗ ಗೊತ್ತಾಯ್ತು?"

"ಮಾವ ಊಟಕ್ಕೆ ಕೂತಾಗ. ವಸ್ತ್ರ ಹೊದ್ಕೊಂಡು ಉಣ್ಣೋಕಾಗುತ್ತಾ?"

"ಅಣ್ಣನಿಗೆ ಹೇಳ್ಲಿಲ್ಲ ನೀನು."

"ಹೇಳಿದ್ರೆ ಮಾವ ಆಮೇಲೆ ಅಡುಗೆಮನೆ ಕಡೆ ತಲೆ ಹಾಕ್ತಿದ್ರಾ?" ಇಕ್ಕಳ ಕೈಗೆತ್ತಿಕೊಂಡಳು. "ನೀನೂ ಅದಕ್ಕೇ ತಾನೆ ಒಪ್ಕೊಂಡಿದ್ದು?"

ಅದಕ್ಕಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ನನ್ನದೊಬ್ಬಳದೇ ಎಂದುಕೊಂಡ ಆ ಪುಟ್ಟ ಜಾಗದಲ್ಲೂ ಅವಳು ನನಗಿಂತ ಮೊದಲೇ ಬಂದು ಕೂತಿದ್ದಳು. ನನಗಿಂತ ಒಳ್ಳೆಯ ಕಾರಣಕ್ಕೆ ಸುಮ್ಮನಿದ್ದಳು. ಹೊಟ್ಟೆಯೊಳಗಿನ ಕಿಚ್ಚು ಆರಿತೆಂದರೆ ಸುಳ್ಳಾಗುತ್ತದೆ. ಅದು ಆಗ ಇನ್ನಷ್ಟು ಉರಿಯಿತು.

ಮೊದಲ ಸಲಕ್ಕೆ ಗೆಣಸೇ ಇರಲಿ ಎಂದು ಅವಳು ಒಳಗೆ ಜೋಡಿಸಿ ಮುಚ್ಚಿದಳು. ಕೆಂಡ ಇಡುವ ಹೊತ್ತಿಗೆ ಅಪ್ಪ ಹಿತ್ತಲಿಗೆ ಬಂದರು. ಕೈಯಲ್ಲಿ ಅಮ್ಮನ ತಪ್ಪಲೆ. ಬೆಳಗಿದ್ದರು. ಯಾವಾಗ ಇಳಿಸಿದರೋ, ಎಲ್ಲಿ ಕೂತು ಬೆಳಗಿದರೋ ತಿಳಿಯದು. ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಅದನ್ನು ನನ್ನ ಪಕ್ಕದಲ್ಲಿಟ್ಟು, ಒಲೆಯ ಬಳಿ ಕುಕ್ಕರಗಾಲಿನಲ್ಲಿ ಕೂತರು.

"ಬೆಳಗಬಾರ್ದಂತಾ ಇದನ್ನ?" ಎಂದು ದಚ್ಚವ್ವನ ಕಡೆ ಗದ್ದ ಎತ್ತಿ ಕೇಳಿದರು. ಯಾರನ್ನು ಕೇಳಿದರೆಂದು ಗೊತ್ತಾಗಲಿಲ್ಲ. ಅತ್ತಿಗೆ ನನ್ನ ಕಡೆ ನೋಡಿದಳು.

"ಇಲ್ಲ ಅಪ್ಪ," ಅಂದೆ. "ಇದನ್ನ ಹೀಗೇ ಬಿಡ್ಬೇಕು."

ಅವರು ತಲೆಯಾಡಿಸಿದರು. ಇಕ್ಕಳ ಅತ್ತಿಗೆಯ ಕೈಯಲ್ಲೇ ಇತ್ತು. ಅವಳು ಅದನ್ನು ನನಗೆ ಕೊಟ್ಟಳು. ನಾನು ಒಂದೊಂದೇ ಕೆಂಡ ಎತ್ತಿ ಮುಚ್ಚಳದ ಅಂಚಿಗೆ ಜೋಡಿಸಿ ಇಕ್ಕಳ ಕೆಳಗಿಟ್ಟೆ. ಒಲೆಯ ಸುತ್ತ ಮೂರು ಜೊತೆ ಕೈಗಳು ಕಾವಿಗೆ ಚಾಚಿದ್ದವು, ಮೂರರ ಉಗುರೂ ಕಪ್ಪು. ಮಾತಿರಲಿಲ್ಲ. ಕೆಂಡ ಮೆಲ್ಲಗೆ ಬೂದಿ ಹೊದ್ದುಕೊಂಡಿತು. ಅಪ್ಪ ಬಗ್ಗಿ ಒಮ್ಮೆ ಊದಿದರು, ಬೂದಿ ಹಾರಿ ಮತ್ತೆ ಕೆಂಪಾಯಿತು. ಒಳಗೆ ಎಲ್ಲೋ ಮುಚ್ಚಳದಿಂದ ಒಂದು ಹನಿ ಬಿದ್ದ ಸದ್ದು ಕೇಳಿಸಿದಂತಾಯಿತು.