ಓಗೊಡದವರು

ಬೇಸಿಗೆ ಬಲಿತಿತ್ತು. ಹಾರೆ ಮುಟ್ಟಿದರೆ ಅಂಗೈ ಸುಡುತ್ತಿತ್ತು. ಹರಕು ಬಟ್ಟೆ ಸುತ್ತಿಕೊಂಡು ಬೆಳಗಿನಿಂದ ಬಂಡೆಗೆ ಕುಳಿ ಹೊಡೆದಿದ್ದೆವು. ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಮದ್ದು ತುಂಬಿಯಾಗಿತ್ತು. ಬತ್ತಿಗಳನ್ನು ಹೊರಗೆ ಬಿಟ್ಟು ಒಬ್ಬೊಬ್ಬರಾಗಿ ಕ್ವಾರಿಯ ಗುಂಡಿಯಿಂದ ಹತ್ತಿ ದೊಡ್ಡ ಬಂಡೆಯ ಮರೆಗೆ ಸೇರುತ್ತಿದ್ದೆವು. ಅದರ ನೆತ್ತಿಯ ಮೇಲೆ ಕೂಗಕ್ಕ ನಿಂತಿದ್ದಳು, ಕಂಕುಳಲ್ಲಿ ಸುತ್ತಿದ ಕೆಂಪು ಬಟ್ಟೆ.

“ಕುಂಟಣ್ಣಾ, ಬಂದ್ಯಾ?”

“ಓ!”

“ಜಲ್ಲಿ ಅತ್ತೇ?”

“ಓ, ನಾನು ಬಂದೆ ಕಣೇ. ಉಸಿರು ಇನ್ನೂ ಹತ್ತುತಾ ಇದೆ.”

ಅವಳ ಕೆಲಸವೇ ಅದು. ಎಲ್ಲರನ್ನೂ ಹೆಸರು ಹಿಡಿದು ಕೂಗಬೇಕು. ಕೊನೆಯವರೂ ಓಗೊಟ್ಟ ಮೇಲೆ ಬಟ್ಟೆ ಬಿಚ್ಚಿ ಎತ್ತಬೇಕು. ಬಟ್ಟೆ ಮೇಲೆದ್ದರೆ ಮಾತ್ರ ಕೆಳಗಿರುವ ಮದ್ದಿನವನು ಬತ್ತಿ ಹಚ್ಚಿ ಓಡಿ ಬರುತ್ತಿದ್ದ. ಅಷ್ಟು ಹೊತ್ತು ರಸ್ತೆಗೆ ಅಡ್ಡ ಹಗ್ಗ. ಲಾರಿ, ಸೈಕಲ್ಲು, ಬಸ್ಸು ಎಲ್ಲ ಸಾಲಾಗಿ ನಿಲ್ಲುತ್ತಿದ್ದವು.

ಈಚೆಗೆ ಅವಳು ಕೊನೆಯ ಓ ಕೇಳಿದ ಕೂಡಲೇ ಬಟ್ಟೆ ಎತ್ತುತ್ತಿರಲಿಲ್ಲ. ರಸ್ತೆಯ ಕಡೆಗೆ ತಿರುಗುತ್ತಿದ್ದಳು.

“ನಿಂತೋರೆಲ್ಲ ಕೇಳಿ! ಯೇಸುಗೆ ನಮ್ಮೆಲ್ಲರ ಹೆಸರೂ ಗೊತ್ತು. ಒಬ್ಬರನ್ನೂ ಗುಂಡೀಲಿ ಬಿಟ್ಟು ಹೋಗೋನಲ್ಲ ಅವನು. ಇಲ್ಲಿ ನನ್ನ ಯಜಮಾನ್ರನ್ನ ಕೆಳಗೇ ಬಿಟ್ಟು ಬತ್ತಿ ಹಚ್ಚಿದ್ರು. ಹಚ್ಚಿದೋನನ್ನ ಕ್ಷಮಿಸಿದೀನಿ. ಹಚ್ಚು ಅಂದ ದಣೀನೂ ಕ್ಷಮಿಸಿದೀನಿ. ಯೇಸು ನನ್ನನ್ನ ಕ್ಷಮಿಸಿದ ಹಾಗೇನೇ.”

“ಬಾಯಿ ಮುಚ್ಕೊಂಡು ಬಟ್ಟೆ ಎತ್ತೇ ಮುಂಡೆ!” ಮದ್ದಿನವನು ಕೆಳಗಿನಿಂದ ಒದರಿದ. “ನಿನ್ನ ಕ್ಷಮೆಗೆ ಬೆಂಕಿ ಹಾಕ!”

ಮದ್ದಿನವನು ಅವಳ ಮೈದುನ. ಲಾರಿಗಳು ಕಾಯುತ್ತಿವೆ, ಹಚ್ಚೋ ಎಂದು ದಣಿ ಅವಸರಿಸಿದ ದಿನ ಅಣ್ಣ ಮರೆತ ಹಾರೆ ತರಲು ಮತ್ತೆ ಗುಂಡಿಗೆ ಇಳಿದದ್ದು ಇವನಿಗೆ ತಿಳಿದಿರಲಿಲ್ಲ; ಹಚ್ಚಿಬಿಟ್ಟ. ಆಗ ಹೆಸರು ಕೂಗುವವರು ಯಾರೂ ಇರಲಿಲ್ಲ. ಕುಡಿದು ಸತ್ತ ಎಂದು ದಣಿ ಹೇಳಿದ. ನಾವೂ ಹೌದೆಂದೆವು. ಆಸ್ಪತ್ರೆಯ ಬಾಗಿಲಲ್ಲಿ ಹೆಣಕ್ಕೆ ಕಾದು ಕೂತವಳ ಪಕ್ಕದಲ್ಲಿ ಕೊರಳಲ್ಲಿ ಶಿಲುಬೆಯಿದ್ದ ಗುರುತಿಲ್ಲದ ನರ್ಸೊಬ್ಬಳು ಕೂತು ಅತ್ತಳಂತೆ. ಕೂಗಕ್ಕ ಯೇಸುವಿನ ಕಡೆ ಹೋದದ್ದು ಅಲ್ಲಿಂದ. ನಮಗೆ ಅವಳ ದೇವರು ಸೇರುತ್ತಿರಲಿಲ್ಲ. ಬಂಡೆಯ ಮರೆಯಲ್ಲಿ ಕೂತು, “ಶುರುವಾಯ್ತಪ್ಪ ಹಲ್ಲೇಲೂಯ” ಎಂದು ನಗುತ್ತಿದ್ದೆವು.

ಅಂದು ನಿಂತ ಬಸ್ಸಿನ ಹಿಂದೆಯೇ ದಣಿಯ ಜೀಪಿತ್ತು. ಪಕ್ಕದಲ್ಲಿ ಕಲ್ಲು ಕೊಳ್ಳಲು ಬಂದ ಕಂಟ್ರಾಕ್ಟರ್. ಬಸ್ಸಿನ ಕಿಟಕಿಯಿಂದ ಯಾರೋ ಕೇಳಿದರು: “ಯಾರು ಮಾರಾಯ್ರೇ ಆ ದಣಿ, ಆಳನ್ನ ಸಿಡಿಸಿದೋನು?”

ಸಂಜೆ ದಣಿ ಆಫೀಸಿಗೆ ಅವಳನ್ನು ಕರೆಸಿದ. ನಾವು ಕಿಟಕಿಯ ಹೊರಗೆ ನಿಂತಿದ್ದೆವು. ಒಳಗೆ ದಣಿಯ ಎದುರಿನ ಕುರ್ಚಿಯಲ್ಲಿ ಅವಳ ಸಭೆಯ ಪಾದ್ರಿ. ಅವರ ಹೊಸ ಪ್ರಾರ್ಥನಾಲಯದ ಅಡಿಪಾಯಕ್ಕೆ ಕಲ್ಲು ಹೋದದ್ದು ನಮ್ಮ ಕ್ವಾರಿಯಿಂದಲೇ, ಪುಕ್ಕಟೆ.

“ತಪ್ಪೇ ಮಾಡದೋನಿಗೆ ಎಂಥದೇ ಕ್ಷಮೆ? ನಾನು ಕೇಳಿದ್ನಾ?”

“ಕೇಳಿಲ್ಲ ದಣಿ. ಕೇಳದೇನೇ ಕೊಟ್ಟೆ.”

ದಣಿಯ ಕೈಲಿದ್ದ ಟೀ ಅವಳ ಮುಖಕ್ಕೆ ಬಿತ್ತು. ಅವಳು ಕೆಂಪು ಬಟ್ಟೆಯಲ್ಲೇ ಒರೆಸಿಕೊಂಡಳು. ಪಾದ್ರಿ ಕುರ್ಚಿಯಲ್ಲಿ ಮಿಸುಕಾಡಿದರು.

“ನೋಡಮ್ಮಾ, ನಂಬಿಕೆ ಮನಸ್ಸಲ್ಲಿದ್ರೆ ಸಾಕು. ಬೀದೀಲಿ ಯಾಕೆ? ಕ್ಷಮಿಸಿದ ಮೇಲೆ ಅದನ್ನ ಮತ್ತೆ ಎತ್ತಬಾರದು.”

“ಏನನ್ನ ಕ್ಷಮಿಸಿದೆ ಅಂತ ಹೇಳದೆ ಹ್ಯಾಗೆ ಕ್ಷಮಿಸಲಿ ಅಯ್ಯನೋರೆ?”

ಪಾದ್ರಿ ತಮ್ಮ ಟೀ ಮುಗಿಸಿದರು.

“ಗಂಡ ಸತ್ತಾಗ ಕೆಲಸ ಕೊಟ್ಟೆನಲ್ಲ, ಆ ಋಣ ನೆನಪಿಲ್ಲ ಈ ಹಲ್ಕಾ ಹೆಂಗಸಿಗೆ! ನಿನ್ನ ಗಂಟಲು ನನ್ನದು ಕಣೇ. ಇವತ್ತಿಗೆ ಅದು ಬಂದ್!” ದಣಿ ಬಟ್ಟೆ ಕಿತ್ತುಕೊಂಡು ಬಾಗಿಲಲ್ಲಿ ನಿಂತಿದ್ದ ಮದ್ದಿನವನ ಮೇಲೆ ಎಸೆದ. “ತಲೆಗೆ ಕಟ್ಕೊಳೋ. ಬಿಸಿಲಿಗಾಗುತ್ತೆ.”

ಆ ವಾರವೇ ಆಫೀಸಿನ ಕಂಬದ ಮೇಲೆ, ಹೆಸರು ಕೂಗುವ ಬದಲಿಗೆ, ಸೈರನ್ ಕೂತಿತು. ಕೂಗಕ್ಕನಿಗೆ ಗುಂಡಿಯಲ್ಲಿ ಜಲ್ಲಿ ಹೊರುವ ಕೆಲಸ. ಬುಟ್ಟಿ ಹೊರುತ್ತಲೂ ಅವಳು ಯೇಸುವಿನ ಮಾತು ಬಿಡಲಿಲ್ಲ. “ಇಲ್ಲಾದ್ರೂ ಸುಮ್ನಿರೇ ಮಹರಾಯ್ತಿ” ಎಂದು ಜಲ್ಲಿ ಅತ್ತೆ ಗದರಿದಳು.

ಸೈರನ್ ಬಂದ ಮೇಲಿನ ಮೊದಲ ಸಿಡಿತಕ್ಕೆ ಮದ್ದು ತುಂಬಿಯಾಯಿತು. ಸೈರನ್ ಊದಿತು. ನಾವು ಹಾರೆ ಕೆಳಗಿಟ್ಟು ಎದ್ದೆವು. ಕುಂಟಣ್ಣ ಮಾತ್ರ ಕೂತೇ ಇದ್ದ.

“ಏಳೋ ಕುಂಟಾ, ಕೇಳಿಸ್ಲಿಲ್ವಾ?”

“ಕೇಳಿಸ್ತು. ನನ್ನ ಹೆಸರು ಕೇಳಿಸ್ಲಿಲ್ಲ.”

ಯಾರೋ ನಕ್ಕರು. ನಗು ಅರ್ಧಕ್ಕೇ ನಿಂತಿತು. ಮದ್ದಿನವನ ಅಣ್ಣ ಹಾರೆ ತರಲು ಇಳಿದ ಜಾಗದಲ್ಲೇ ಕುಂಟಣ್ಣ ಕೂತಿದ್ದ. ಜಲ್ಲಿ ಅತ್ತೆ ಅವನ ಪಕ್ಕ ಹೋಗಿ ಕೂತಳು. “ಆ ತುತ್ತೂರಿಗೇನು ಗೊತ್ತು, ನನ್ನ ಉಸಿರು ಹತ್ತಿತೋ ಇಲ್ವೋ ಅಂತ?” ಆಮೇಲೆ ಒಬ್ಬರೂ ಹತ್ತಲಿಲ್ಲ. ಸೈರನ್ ಮತ್ತೆ ಊದಿತು.

ದಣಿ ಗುಂಡಿಯ ಅಂಚಿಗೆ ಬಂದ. ಹಿಂದೆ ಹಗ್ಗದ ಆಚೆ ಬಸ್ಸು ನಿಂತಿತ್ತು.

“ಹಚ್ಚೋ! ಬತ್ತಿ ಹೊಗೆ ಕಂಡ್ರೆ ನಾಯಿಗಳ ಹಾಗೆ ಎದ್ದು ಓಡ್ತಾವೆ!”

ಮದ್ದಿನವನು ಕಡ್ಡಿ ಗೀರಿದ. ಬತ್ತಿಯ ಹತ್ತಿರ ಬಗ್ಗಿದವನು ತಲೆ ಎತ್ತಿ ನಮ್ಮನ್ನು ನೋಡಿದ. ಕಡ್ಡಿ ಬೆರಳಿನವರೆಗೂ ಉರಿದು ಬಂತು.

“ಅವತ್ತೂ ಹಿಂಗೇ ಅಂದ್ರಿ ದಣಿ. ಹಚ್ಚೋ ಅಂತ.”

“ಏನಂದ್ಯೋ ಬೋಳಿಮಗನೇ?”

ಮದ್ದಿನವನು ಮೇಲೆದ್ದ. ತಲೆಗೆ ಕಟ್ಟಿದ್ದ ಕೆಂಪು ಬಟ್ಟೆ ಬಿಚ್ಚಿ, ಬೆವರು ಹಿಂಡಿ, ಕೂಗಕ್ಕನ ಎದುರು ಹಿಡಿದ. ಮುಖ ಬೇರೆ ಕಡೆಗಿತ್ತು.

“ಅತ್ತಿಗೇ, ಹೋಗಿ ಕೂಗು.”

ಅಣ್ಣ ಸತ್ತ ಮೇಲೆ ಅವನ ಬಾಯಲ್ಲಿ ಅತ್ತಿಗೆ ಎಂಬ ಮಾತು ಬಂದಿರಲಿಲ್ಲ.

ಅವಳು ಬುಟ್ಟಿ ಇಳಿಸಿ ದಣಿಯ ಪಕ್ಕದಲ್ಲೇ ಹಾದು ಬಂಡೆ ಹತ್ತಿದಳು. ಕುಂಟಣ್ಣಾ ಎಂದಳು; ಓ ಎಂದು ಕುಂಟಣ್ಣ ಎದ್ದ. ಹೆಸರು ಕೇಳಿದವರು ಕೇಳಿದ ಹಾಗೆ ಹತ್ತಿದೆವು. ಕೊನೆಗೆ, “ಮೈದುನಾ?” ಎಂದಳು. ಬತ್ತಿಗಳ ಪಕ್ಕದಿಂದ ಸಣ್ಣದೊಂದು ಓ ಬಂತು.

ಬಟ್ಟೆ ಏಳಲಿಲ್ಲ.

“ನನ್ನ ಯಜಮಾನ್ರೇ, ಬಂದ್ರಾ?”

ಗುಂಡಿಯ ಗೋಡೆಗಳಿಗೆ ಬಡಿದು ಅವಳ ಕೂಗೇ ತಿರುಗಿ ಬಂತು. ನಮ್ಮಲ್ಲಿ ಯಾರೂ ನಗಲಿಲ್ಲ. ಬಸ್ಸಿನವರು ಇಳಿದು ಹಗ್ಗದ ಹತ್ತಿರ ಬಂದಿದ್ದರು.

“ಓ ಅನ್ನೋರಿಲ್ಲ. ದಣಿಗಳೇ, ಅವರ ಬದಲು ನೀವು ಹೇಳಿ. ಏನಾಯ್ತು ಅವತ್ತು? ಯೇಸುವಿನ ಹೆಸರಲ್ಲಿ ಎಲ್ಲರ ಮುಂದೇನೇ ಕ್ಷಮಿಸಿದೀನಿ. ಎಲ್ಲರ ಮುಂದೇನೇ ಇಸ್ಕೊಳ್ಳಿ.”

“ಇಳಿಯೇ ಕೆಳಗೆ! ಪೊಲೀಸ್ ಕರೆಸ್ತೀನಿ!”

“ಕರೆಸಿ ದಣಿ. ಅವರೂ ಕೇಳಲಿ.”

ದಣಿ ನಮ್ಮ ಕಡೆ ನೋಡಿದ. ಕುಡಿದು ಸತ್ತ ಎಂದದ್ದಕ್ಕೆ ಆಗ ಹೌದೆಂದಿದ್ದ ನಾವು ಈಗ ಬಾಯಿ ಬಿಡಲಿಲ್ಲ.

ಸೈರನ್ ಮೂರನೇ ಸಲ ಊದಿ, ಊದಿ, ನಿಂತಿತು. ಕೆಳಗೆ ಮದ್ದಿನವನು ಬೆಂಕಿಪೊಟ್ಟಣವನ್ನು ಪಕ್ಕಕ್ಕಿಟ್ಟು ಕಲ್ಲಿನ ಮೇಲೆ ಕೂತ. ಕೂಗಕ್ಕ ಬಟ್ಟೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ದಣಿಯ ಕಡೆ ತಿರುಗಿ ಒಂದು ಕೈ ಕಿವಿಗೆ ಹಿಡಿದು ನಿಂತಳು.