ಘಾಟಿ ಮೂಲೆಗೆ ವಾಲಿದ ಕೇರಂ ಬೋರ್ಡು

ಕೊಟ್ಟಿಗೆಹಾರದ ಟೈಲರ್ ನಸರುಲ್ಲಾನಿಗೆ ಜೀವನದಲ್ಲಿ ಎರಡೇ ವಿಷಯಕ್ಕೆ ಜಂಬ. ಒಂದು, ಅವನು ತೆಗೆದ ಅಳತೆ ಒಂದು ನೂಲೂ ಆಚೀಚೆ ಆಗುವುದಿಲ್ಲ. ಇನ್ನೊಂದು, ಅವನು ಅಂಪೈರ್ ಆಗಿ ನಿಂತ ಕೇರಂ ಪಂದ್ಯದಲ್ಲಿ ಯಾರ ಮುಖವನ್ನೂ ನೋಡುವುದಿಲ್ಲ. ಈ ಎರಡನ್ನೂ ಊರೆಲ್ಲ ಒಪ್ಪಿತ್ತು. ಎರಡನೆಯದನ್ನು ಒಪ್ಪದವರು ಇಬ್ಬರೇ ಇಬ್ಬರು, ಮತ್ತು ಆ ಇಬ್ಬರೂ ಅವನ ಮನೆಯಲ್ಲೇ ಇದ್ದರು: ಹೆಂಡತಿ ಮರಿಯಂ ಮತ್ತು ಮಗಳು ನೌರೀನ್.

ಅವರು ಒಪ್ಪದೆ ಇದ್ದುದಕ್ಕೆ ಕಾರಣವಿತ್ತು. ಕಾಫಿ ಕೊಯ್ಲು ಮುಗಿದ ಮೇಲೆ ಪ್ರತಿ ವರ್ಷ ನಸರುಲ್ಲಾನ ಅಂಗಡಿಯ ಜಗಲಿಯಲ್ಲಿ ಕೇರಂ ಪಂದ್ಯ ನಡೆಯುತ್ತದೆ. ಹೋದ ವರ್ಷದ ಹಿಂದಿನ ವರ್ಷ ನೌರೀನ್ ಸ್ಟ್ರೈಕರ್ ಹೊಡೆಯುವಾಗ ಸೀನಿದಳು. ಅಪ್ಪ ಫೌಲ್ ಕೊಟ್ಟ. ಹೋದ ವರ್ಷ ಅವಳ ದುಪಟ್ಟಾದ ನೆರಳು ಬೋರ್ಡಿನ ಮೇಲೆ ಬಿತ್ತು. ಅದಕ್ಕೂ ಫೌಲ್ ಕೊಟ್ಟ. ನೆರಳಿಗೆ ಫೌಲ್ ಕೊಟ್ಟ ಅಂಪೈರ್ ಭೂಮಿಯ ಮೇಲೆ ಇನ್ನೊಬ್ಬ ಇರಲಾರ. ಜನ ಮಾತ್ರ "ಮಗಳು ಅಂತ ನೋಡ್ಲಿಲ್ಲ ನೋಡು ಮಾರಾಯ!" ಎಂದು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನಸರುಲ್ಲಾನ ತಲೆಗೇರಿತ್ತು.

ಈ ವರ್ಷ ನೌರೀನ್ ಫೈನಲ್ಲಿಗೆ ಬಂದಳು. ಎದುರಾಳಿ ರಂಗನಾಥರು, ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್, ಸತತ ಹತ್ತು ವರ್ಷದ ಚಾಂಪಿಯನ್. ಬಹುಮಾನವಾಗಿ ಬಂದ ಹತ್ತು ಕುಕ್ಕರುಗಳು ಅವರ ಅಟ್ಟದ ಮೇಲಿವೆ.

ಫೈನಲ್ಲಿಗೆ ಎರಡು ದಿನ ಇರುವಾಗ ನೌರೀನ್ ಹೊಲಿಗೆ ಮೆಷಿನ್ನಿನ ಮುಂದೆ ಬಂದು ನಿಂತಳು.

"ಅಬ್ಬಾ, ಕಾಲೇಜಲ್ಲಿ ಕೇರಂ ಟೀಮಿಗೆ ಹೆಸರು ಕೇಳ್ತಿದಾರೆ. ಈ ಸಲವೂ ನೀವು ಹಾಗೇ ಮಾಡಿದ್ರೆ ನಾನು ಹೆಸರು ಕೊಡಲ್ಲ. ಇನ್ನು ಸ್ಟ್ರೈಕರ್ ಮುಟ್ಟೋದೂ ಇಲ್ಲ."

"ಅಂಪೈರ್ ಅಂದ್ಮೇಲೆ ನ್ಯಾಯವಾಗಿ ಇರ್ಬೇಕಲ್ಲ ಮಗಳೇ."

"ನ್ಯಾಯ ಮಾಡಿ ಅಂತಾನೇ ಕೇಳ್ತಿರೋದು," ಎಂದು ಅವಳು ಒಳಗೆ ಹೋದಳು.

ಮರಿಯಂ ಬಾಗಿಲಲ್ಲೇ ನಿಂತಿದ್ದಳು. "ರವಿಕೆ ಕೊರಳಿಗೆ ನೇರವಾಗಿ ಕತ್ತರಿಸಿದ ಪಟ್ಟಿ ಇಡ್ತೀರಾ ನೀವು? ಇಲ್ಲ ತಾನೆ? ಬಟ್ಟೆನ ಓರೆಯಾಗಿ ಕತ್ತರಿಸಿ ಕ್ರಾಸ್ ಪಟ್ಟಿ ಇಡ್ತೀರಿ. ಎಳೆದ ಕಡೆ ಒಂಚೂರು ಬರುತ್ತೆ ಅಂತಾನೇ ಅದು ಕೊರಳಿಗೆ ಚೆಂದ ಕೂರೋದು. ಆ ಪಟ್ಟಿಗಿರೋ ಬುದ್ಧಿ ನಿಮಗಿಲ್ಲ."

"ಬಟ್ಟೆ ಬೇರೆ, ನ್ಯಾಯ ಬೇರೆ."

"ಹಾಗಾ? ಹಾಗಾದ್ರೆ ಕಾಫಿನೂ ಬೇರೆ," ಎಂದಳು ಮರಿಯಂ. ಅಂದಿನಿಂದ ಅವನಿಗೆ ಚಹಾ ಬರತೊಡಗಿತು. ಸುತ್ತ ಹತ್ತು ಮೈಲಿ ಕಾಫಿ ತೋಟ ಇರುವ ಊರಿನಲ್ಲಿ ಗಂಡನಿಗೆ ಚಹಾ ಕೊಡುವುದೆಂದರೆ ಅದು ಸಣ್ಣ ಶಿಕ್ಷೆಯಲ್ಲ.

ನೂಲಿನ ಡಬ್ಬದ ಮೇಲೆ ನಿಲ್ಲಿಸಿ ಮಗಳಿಗೆ ಸ್ಟ್ರೈಕರ್ ಹಿಡಿಯಲು ಕಲಿಸಿದವನು ನಸರುಲ್ಲಾನೇ. ಅವಳು ಆಟ ಬಿಟ್ಟರೆ ಆ ಜಗಲಿಯಲ್ಲಿ ಅವನಿಗೇನು ಕೆಲಸ? ಆದರೆ ಅವಳ ಪರವಾಗಿ ಒಂದು ಮಾತಾಡಿದರೆ ಊರು ಏನಂದೀತು? ಚಹಾ ಕುಡಿಯುತ್ತ ಯೋಚಿಸಿ ಯೋಚಿಸಿ ಕೊನೆಗೆ ಬೋರ್ಡನ್ನೇ ನೋಡಿದ.

ಆ ಬೋರ್ಡಿನ ವಿಷಯ ಹೇಳಲೇಬೇಕು. ಕೊಟ್ಟಿಗೆಹಾರದ ರಸ್ತೆ ಚಾರ್ಮಾಡಿ ಘಾಟಿಯ ಕಡೆಗೆ ಇಳಿಯುತ್ತದೆ. ರಸ್ತೆಯ ಜೊತೆ ಜಗಲಿಯೂ ಇಳಿದಿದೆ, ಜಗಲಿಯ ಜೊತೆ ಮೇಜೂ, ಮೇಜಿನ ಜೊತೆ ಬೋರ್ಡೂ. ಹಾಗಾಗಿ ಘಾಟಿ ಕಡೆಯ ಮೂಲೆಗೆ ಹೊಡೆದ ಕಾಯಿ ತಾನಾಗಿಯೇ ಒಂದು ಬೆರಳು ಹೆಚ್ಚು ಜಾರುತ್ತದೆ. ಆ ಮೂಲೆ ಬಲಗೈಗೆ ಸಲೀಸಾಗಿ ಸಿಗುವುದು ಮರದ ಕುರ್ಚಿಯಲ್ಲಿ ಕೂತವರಿಗೆ. ಇರುವುದು ಒಂದೇ ಕುರ್ಚಿ. ಹಿರಿಯರಿಗೆ ಕುರ್ಚಿ ಬಿಡದೆ ಇರಲಾಗುತ್ತದೆಯೇ? ಹತ್ತು ವರ್ಷದಿಂದ ರಂಗನಾಥರು ಕುರ್ಚಿಯಲ್ಲಿ, ಎದುರಾಳಿ ಸ್ಟೂಲಿನಲ್ಲಿ. ಮರ್ಯಾದೆಗೆ ಬಿಟ್ಟ ಕುರ್ಚಿ ಹತ್ತು ಕುಕ್ಕರ್ ಗೆದ್ದಿತ್ತು.

ಶನಿವಾರ ಮಧ್ಯಾಹ್ನ ನಸರುಲ್ಲಾ ಬೋರ್ಡಿನ ನಡುವೆ ಒಂದು ಗೋಲಿ ಇಟ್ಟ. ಅದು ಅವಸರವಿಲ್ಲದೆ ಉರುಳಿ ಘಾಟಿ ಮೂಲೆಯ ಪಾಕೆಟ್ಟಿಗೆ ಬಿತ್ತು. ಲೈನಿಂಗ್ ಬಟ್ಟೆಯ ತುಂಡುಗಳನ್ನು ಮಡಚಿ ಮೇಜಿನ ಆ ಕಡೆಯ ಕಾಲಿನ ಕೆಳಗೆ ಇಡುತ್ತ ಹೋದ. ಏಳನೇ ಮಡಿಕೆಗೆ ಗೋಲಿ ಇಟ್ಟಲ್ಲೇ ನಿಂತಿತು. ಇಡೀ ಕೊಟ್ಟಿಗೆಹಾರದಲ್ಲಿ ಮಟ್ಟಸವಾದ ಜಾಗ ಈಗ ಇದೊಂದೇ ಎಂದು ಅವನಿಗೆ ಬಹಳ ಸಂತೋಷವಾಯಿತು.

ಭಾನುವಾರ ಆಟ ಶುರುವಾದ ಐದೇ ನಿಮಿಷಕ್ಕೆ ಆ ಸಂತೋಷ ಹೋಯಿತು. ರಂಗನಾಥರು ಹೊಡೆದ ಕಾಯಿ ಪಾಕೆಟ್ಟಿನ ಬಾಯಲ್ಲಿ ನಿಂತಿತು. ನೌರೀನ್ ಹೊಡೆದದ್ದೂ ನಿಂತಿತು. ಮತ್ತೆ ಅವರದು, ಮತ್ತೆ ಇವಳದು. ವಾಲಿದ ಬೋರ್ಡಿಗೆ ಪಳಗಿದ ಕೈಗಳಿಗೆ ಮಟ್ಟಸವಾದ ಬೋರ್ಡು ಒಗ್ಗಲೇ ಇಲ್ಲ.

"ಬೋರ್ಡ್ ಸೊಟ್ಟ ಆಗಿದೆ!" ಎಂದು ಕೂಗಿದ ಹೋಟೆಲ್ ರಾಜೇಶ. ಮೇಜಿನ ಕೆಳಗೆ ನುಗ್ಗಿ ಬಟ್ಟೆಯ ಮಡಿಕೆ ಎಳೆದು ತೋರಿಸಿದ. ಹಸಿರು ಲೈನಿಂಗು. ನೌರೀನ್ ಅಂದು ತೊಟ್ಟ ಚೂಡಿದಾರಿನದೂ ಹಸಿರು ಲೈನಿಂಗೇ. ಇನ್ನೇನು ಬೇಕು? ಜನ ಹೋ ಎಂದರು. "ಮಗಳಿಗೋಸ್ಕರ ಬೋರ್ಡ್ ಸೊಟ್ಟ ಮಾಡ್ಬಿಟ್ರಲ್ಲ ಟೈಲರ್ರೇ!"

ಎರಡು ವರ್ಷ ಅನ್ಯಾಯ ಮಾಡಿದಾಗ ಚಪ್ಪಾಳೆ ಸಿಕ್ಕಿತ್ತು. ನ್ಯಾಯ ಮಾಡಿದ ಮೊದಲ ದಿನವೇ ಮರ್ಯಾದೆ ಹೋಯಿತು.

ನೌರೀನ್ ಎದ್ದು ನಿಂತಳು. "ಬೋರ್ಡ್ ಮೊದಲಿನ ಹಾಗೇ ಇರ್ಲಿ. ಆದ್ರೆ ಒಂದೊಂದು ಗೇಮಿಗೆ ಜಾಗ ಬದಲು ಮಾಡೋಣ, ರೈಟರ್ ಅಂಕಲ್."

"ನಾನು ಸ್ಟೂಲಲ್ಲಿ ಕೂರೋದಾ? ನನ್ನ ಸೊಂಟ ಏನಾಗ್ಬೇಕಮ್ಮ?" ಎಂದರು ರಂಗನಾಥರು. ಆದರೆ ಅಷ್ಟು ಜನರೆದುರು ಹೆದರಿದೆ ಎನ್ನಲಾಗದೆ ಒಪ್ಪಿದರು.

ಮೊದಲ ಗೇಮು ಕುರ್ಚಿಯಲ್ಲಿದ್ದ ರಂಗನಾಥರಿಗೆ. ಎರಡನೆಯದು ಕುರ್ಚಿಗೆ ಬಂದ ನೌರೀನಿಗೆ. ಮೂರನೆಯದಕ್ಕೆ ಟಾಸ್ ಹಾಕಿದಾಗ ಕುರ್ಚಿ ಅವಳಿಗೇ ಸಿಕ್ಕಿತು. ಕೊನೆಗೆ ಇಬ್ಬರದೂ ಒಂದೊಂದು ಕಾಯಿ ಉಳಿಯಿತು. ನೌರೀನ್ ಬಗ್ಗಿ ಗುರಿ ಹಿಡಿದು ಹೊಡೆದಳು. ಕಾಯಿ ಘಾಟಿ ಮೂಲೆಯ ಪಾಕೆಟ್ಟಿಗೆ ಬಿತ್ತು.

"ಕೈ ಗೆರೆ ದಾಟ್ತು! ಫೌಲ್!" ಎಂದ ರಾಜೇಶ. ಹೊಡೆಯುವಾಗ ಬೋರ್ಡಿನ ಮೂಲೆಗೆ ಎಳೆದಿರುವ ಗೆರೆಯನ್ನು ಕೈ ದಾಟಬಾರದು. ಎಲ್ಲರೂ ಅಂಪೈರಿನ ಕಡೆ ತಿರುಗಿದರು.

ಅಭ್ಯಾಸ ಬಲದಿಂದ ನಸರುಲ್ಲಾನ ಬಾಯಿ 'ಫೌ' ಎಂದು ತೆರೆಯಿತು. ತೆರೆದದ್ದು ಹಾಗೇ ನಿಂತಿತು. ಮಗಳು ಅವನನ್ನೇ ನೋಡುತ್ತಿದ್ದಳು.

"ನಾನು ನೋಡ್ಲಿಲ್ಲ," ಎಂದ. "ನನ್ನ ಮಗಳು ಗೆಲ್ಲಲಿ ಅಂತ ದುವಾ ಮಾಡ್ತಾ ಕಣ್ಣು ಮುಚ್ಕೊಂಡಿದ್ದೆ."

ನೌರೀನಿನ ಮುಖ ಮೊದಲು ಕೆಂಪಾಯಿತು, ಆಮೇಲೆ ಅರಳಿತು. "ದಾಟಿದೆ ಅಬ್ಬಾ," ಎಂದಳು. "ನಂಗೊತ್ತು. ಫೌಲ್."

"ದಾಟಿಲ್ಲ!" ಎಂದು ಗುಡುಗಿದ ನಸರುಲ್ಲಾ.

"ನೀವು ನೋಡ್ಲೇ ಇಲ್ಲ ಅಂದ್ರಲ್ಲ!"

"ನೋಡದಿದ್ರೇನು? ನಿನ್ನ ಕೈ ಅಳತೆ ನಂಗೊತ್ತಿಲ್ವಾ? ಮೊಣಕೈಯಿಂದ ಬೆರಳ ತುದಿಗೆ ಹದಿನಾರು ಇಂಚು. ಹದಿನಾರಿಂಚಿನ ಕೈ ಆ ಗೆರೆ ದಾಟೋಕೆ ಸಾಧ್ಯವೇ ಇಲ್ಲ!" ಎಂದು ಕೊರಳಲ್ಲಿದ್ದ ಟೇಪು ತೆಗೆದು ಅಲ್ಲೇ ಅಳೆದ. ರಂಗನಾಥರು ಕನ್ನಡಕ ಸರಿಮಾಡಿಕೊಂಡು ಓದಿದರು. ಹದಿನಾರೂವರೆ.

"ಟೇಪು ಸರಿಯಿಲ್ಲ," ಎಂದ ನಸರುಲ್ಲಾ ಬೆವರೊರೆಸಿಕೊಳ್ಳುತ್ತ. "ಮಳೆಗಾಲದಲ್ಲಿ ನೆನೆದು ಕುಗ್ಗಿದೆ."

ಹಿಂದಿನ ಸಾಲಿನಿಂದ ಅವನ ಗಿರಾಕಿ ಪಾಪಮ್ಮ ಎದ್ದಳು. "ಅದೇ ಟೇಪಲ್ಲಿ ತಾನೆ ನನ್ನ ರವಿಕೆ ಅಳತೆ ತಗೊಂಡಿದ್ದು?"

ನಸರುಲ್ಲಾ ಪಾಪಮ್ಮನನ್ನು ನೋಡಿದ, ಮಗಳನ್ನು ನೋಡಿದ. ಇಪ್ಪತ್ತೈದು ವರ್ಷದ ಹೆಸರು ಒಂದು ಮಾತಿನ ಮೇಲೆ ನಿಂತಿತ್ತು.

"ಹೌದು," ಎಂದ. "ನಿಮ್ಮ ರವಿಕೆಯ ಅಳತೆಯೂ ತಪ್ಪು. ಆದ್ರೆ ಇದು ಫೌಲ್ ಅಲ್ಲ!"

ನೌರೀನ್ ಹೊಟ್ಟೆ ಹಿಡಿದು ನಗುತ್ತ ಕಾಯಿಯನ್ನು ಪಾಕೆಟ್ಟಿನಿಂದ ತೆಗೆದು ಬೋರ್ಡಿನ ನಡುವೆ ಇಟ್ಟಳು. ರಂಗನಾಥರು ಸ್ಟೂಲಿನಿಂದಲೇ ತಮ್ಮ ಕೊನೆಯ ಕಾಯಿ ಹೊಡೆದು ಹನ್ನೊಂದನೇ ಕುಕ್ಕರ್ ಗೆದ್ದರು. ಅವರು ಸೊಂಟ ಹಿಡಿದು ಎದ್ದೇಳಲು ಇಬ್ಬರು ಆಸರೆ ಕೊಡಬೇಕಾಯಿತು. ಮುಂದಿನ ವರ್ಷಕ್ಕೆ ಬೇರೆ ಅಂಪೈರ್ ಹುಡುಕಬೇಕು ಎಂದು ಸಭೆ ತೀರ್ಮಾನಿಸಿತು. ನಸರುಲ್ಲಾ ಮನೆಯೊಳಗೆ ಬಂದರೂ "ಫೌಲ್ ಅಲ್ಲವೇ ಅಲ್ಲ" ಎನ್ನುತ್ತಲೇ ಇದ್ದ. ನೌರೀನ್ ಕಾಲೇಜಿನ ಟೀಮಿಗೆ ಫೋನಿನಲ್ಲೇ ಹೆಸರು ಕಳಿಸಿದಳು.

ಮರಿಯಂ ಮೂರು ಲೋಟಕ್ಕೆ ಕಾಫಿ ಸುರಿದು ತಂದಳು. ನಸರುಲ್ಲಾನ ಲೋಟದಲ್ಲಿ ಒಂದು ಬೆರಳು ಜಾಸ್ತಿಯೇ ಇತ್ತು.

ನೌರೀನ್ ಮೂರೂ ಲೋಟಗಳನ್ನು ಪಕ್ಕಪಕ್ಕ ಇಟ್ಟು ನೋಡಿದಳು. "ಅಮ್ಮೀ," ಎಂದಳು, "ಇದು ಫೌಲ್."